ಶೋಧನೆ ಮತ್ತು ಗಂಜಿ

ಪತ್ರಿಕೆ ಓದುವವರಿಗೆ 'ಶೋಧ' ಎಂದರೆ ಲೋಕಾಯುಕ್ತ ಪೊಲೀಸರದ್ದು. ಬೆಳಗಿನ ಜಾವ ಅಧಿಕಾರಿಯ ಮನೆ ಬಾಗಿಲು ತಟ್ಟಿ, ಬೀರುವಿನಲ್ಲಿದ್ದ ಒಡವೆ ತೂಗುವ ಕೆಲಸ. ವಿಶ್ವವಿದ್ಯಾಲಯದಲ್ಲಿ ಅದೇ ಪದ ಸಂಶೋಧನೆಯಾಗುತ್ತದೆ. ಕಂಪನಿಯ ಲೆಕ್ಕ ನೋಡುವವರು ಪರಿಶೋಧಕರು. ಅಡುಗೆಮನೆಯಲ್ಲಿ ಕಷಾಯ ಕುದಿಸಿ ಶೋಧಿಸಿಕೊಳ್ಳುತ್ತೇವೆ. ಎಲ್ಲಕ್ಕೂ ಬೇರು ಒಂದೇ, ಶುದ್ಧ ಮಾಡುವುದು. ಆದರೆ 'ಶೋಧನೆ' ಎಂಬ ಪದ ಮನೆಮಾತಿನಲ್ಲಿ, ಕಣ್ಣೀರಿನ ಜೊತೆಗೆ ಬಳಕೆಯಾಗುವುದನ್ನು ಕೇಳಬೇಕೆಂದರೆ ಕನ್ನಡ ಕ್ರೈಸ್ತರ ನಡುವೆ ಹೋಗಬೇಕು.

ಭಾನುವಾರದ ಆರಾಧನೆಯಲ್ಲಿ ಸಾಕ್ಷಿ ಹೇಳುವ ಹೊತ್ತು. ಒಬ್ಬ ತಾಯಿ ಎದ್ದು ನಿಂತು, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, "ಹೋದ ವರ್ಷ ನಮ್ಮ ಮನೆಗೆ ತುಂಬ ಶೋಧನೆ ಬಂತು, ದೇವರು ನಡೆಸಿದರು" ಎನ್ನುತ್ತಾರೆ. ಗಂಡನ ಕೆಲಸ ಹೋಗಿರಬಹುದು, ಮಗುವಿಗೆ ದೊಡ್ಡ ಕಾಯಿಲೆ ಬಂದಿರಬಹುದು. ಅವರ ಹಿಂದಿನ ಬೆಂಚಿನಲ್ಲಿ ಕುಳಿತ ಯುವಕನಿಗೂ ಶೋಧನೆ ಇದೆ; ಬಿಟ್ಟ ಕುಡಿತ ಮತ್ತೆ ಕರೆಯುತ್ತಿದೆ. ಹೊರಗಿನಿಂದ ಬಂದ ಏಟಿಗೂ ಒಳಗಿನಿಂದ ಎಳೆಯುವ ಆಸೆಗೂ ಒಂದೇ ಹೆಸರು. ಹೊಸ ಒಡಂಬಡಿಕೆಯ ಗ್ರೀಕಿನಲ್ಲೂ ಹೀಗೆಯೇ, 'ಪೈರಾಸ್ಮೊಸ್' ಎಂಬ ಒಂದು ಪದಕ್ಕೆ ಎರಡೂ ಅರ್ಥ. ಅದರಿಂದ ಒಂದು ಪೇಚೂ ಹುಟ್ಟಿದೆ. ಯೇಸು ಕಲಿಸಿದ ಪ್ರಾರ್ಥನೆ ನಮ್ಮನ್ನು ಶೋಧನೆಯೊಳಕ್ಕೆ ಒಯ್ಯಬೇಡ ಎಂದು ಬೇಡುತ್ತದೆ. ಯಾಕೋಬನ ಪತ್ರ ಶುರುವಾಗುವುದೇ ಶೋಧನೆ ಬಂದರೆ ಸಂತೋಷಪಡಿ ಎಂದು. ಹಾಗಾದರೆ ದೇವರೇ ನಮ್ಮನ್ನು ಅಲ್ಲಿಗೆ ದೂಡುತ್ತಾನೆಯೇ ಎಂಬ ತಕರಾರು ಹಳೆಯದು. ಫ್ರೆಂಚ್ ಕ್ಯಾಥೊಲಿಕರು 2017ರಲ್ಲಿ, ಇಟಲಿಯವರು 2020ರಲ್ಲಿ ತಮ್ಮ ಪ್ರಾರ್ಥನೆಯ ಆ ಸಾಲನ್ನೇ ತಿದ್ದಿಕೊಂಡರು.

ಕನ್ನಡದ ಮಾತು ಈ ತಕರಾರನ್ನು ಜಾಣತನದಿಂದ ದಾಟಿಹೋಗುತ್ತದೆ. ಲೋಕಾಯುಕ್ತ ಶೋಧವಾದರೆ ನಡೆಸಿದವರು ಯಾರೆಂದು ವರದಿಯ ಮೊದಲ ಸಾಲಿನಲ್ಲೇ ಇರುತ್ತದೆ. ಸಭೆಯಲ್ಲಿ ನಿಂತ ಆ ತಾಯಿ ಮಾತ್ರ 'ಬಂತು' ಎಂದರು. ಕಳಿಸಿದವರು ಯಾರೆಂದು ಹೇಳಲಿಲ್ಲ. ನಡೆಸಿದವರ ಹೆಸರನ್ನು ಮಾತ್ರ ಹೇಳಿದರು. ದೇವತಾಶಾಸ್ತ್ರದ ದಪ್ಪ ಪುಸ್ತಕಗಳಿಗಿಂತ ಈ ವ್ಯಾಕರಣ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ತೊಂದರೆ ಶುರುವಾಗುವುದು ಈ ಪದವನ್ನು ಬೇರೆಯವರು ಆಡಿದಾಗ. ಸಾವಿನ ಮನೆಗೆ ಬಂದವರು ಕುರ್ಚಿ ಎಳೆದುಕೊಂಡು, "ಇದೆಲ್ಲ ಶೋಧನೆ ಕಣಮ್ಮಾ, ನಿಮ್ಮನ್ನು ಗಟ್ಟಿ ಮಾಡೋಕೆ" ಎನ್ನುತ್ತಾರೆ. ಹೇಳಿದವರ ಮನಸ್ಸು ಕೆಟ್ಟದ್ದೇನಲ್ಲ. ಆದರೆ ಬೈಬಲಿನಲ್ಲಿ ಯೋಬನ ಕಥೆ ಓದಿದವರು ಹೀಗೆ ಮಾತಾಡಬಾರದು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋಗಿ ಯೋಬ ಬೂದಿಯಲ್ಲಿ ಕುಳಿತಿದ್ದಾಗ ಮೂವರು ಗೆಳೆಯರು ಬಂದರು. 7 ದಿನ 7 ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತರು. ಅಲ್ಲಿಗೆ ಎದ್ದುಹೋಗಿದ್ದರೆ ಲೋಕದ ಅತ್ಯುತ್ತಮ ಗೆಳೆಯರು ಅನ್ನಿಸಿಕೊಳ್ಳುತ್ತಿದ್ದರು. ಬಾಯಿ ಬಿಟ್ಟರು, ಕೆಟ್ಟರು. ಪುಟಕ್ಕಿಟ್ಟ ಚಿನ್ನದಂತೆ ಹೊರಬರುತ್ತೇನೆ ಎಂಬ ಮಾತು ಆ ಪುಸ್ತಕದಲ್ಲಿ ಇದೆ, ನಿಜ. ಅದನ್ನು ಹೇಳಿದವನು ಯೋಬ.

ಇನ್ನು ಗಟ್ಟಿಯಾಗುವ ಸಂಗತಿ. ಇಲ್ಲಿ ಆಯುರ್ವೇದದವರ ಬಳಕೆ ನೆರವಿಗೆ ಬರುತ್ತದೆ. ಪಂಚಕರ್ಮದ ವಮನ, ವಿರೇಚನಗಳಿಗೆ ಅವರಲ್ಲಿ ಶೋಧನ ಚಿಕಿತ್ಸೆ ಎಂದೇ ಹೆಸರು. ತೀರ ಬಲಹೀನರಿಗೆ ಅದನ್ನು ಮಾಡಬಾರದು. ಮಾಡಿದ ಮೇಲೆ ರೋಗಿ ಬಲಶಾಲಿಯಾಗಿ ಎದ್ದು ನಡೆಯುವುದಿಲ್ಲ. ಜಠರಾಗ್ನಿ ಕುಗ್ಗಿರುತ್ತದೆ, ಕೈಕಾಲಲ್ಲಿ ಶಕ್ತಿ ಇರುವುದಿಲ್ಲ. ಆಗ ಸಂಸರ್ಜನ ಕ್ರಮ. ಮೊದಲು ತೆಳು ಗಂಜಿ, ಆಮೇಲೆ ಮಂದವಾದ ಗಂಜಿ, ಆಮೇಲೆ ಬೇಳೆಕಟ್ಟು, ಹೀಗೆ 3ರಿಂದ 7 ದಿನ ಒಂದೊಂದೇ ಮೆಟ್ಟಿಲು ಹತ್ತಿಸಿ ಮಾಮೂಲಿ ಊಟಕ್ಕೆ ತರುತ್ತಾರೆ. ಬಲ ಮರಳುವುದು ಆ ಗಂಜಿಯಿಂದ. ಶೋಧನ ಮಾಡಿ ಗಂಜಿ ಮರೆತ ವೈದ್ಯನನ್ನು ಯಾರೂ ಹೊಗಳುವುದಿಲ್ಲ.

ಬೈಬಲಿನ ಎಲೀಯನ ಕಥೆಯೂ ಇದನ್ನೇ ಹೇಳುತ್ತದೆ. ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಪ್ರವಾದಿ ಅಡವಿಯ ಗಿಡವೊಂದರ ಕೆಳಗೆ ಕುಳಿತು ಸಾವು ಬೇಡಿದ. ದೇವದೂತ ಬಂದು ಉಪದೇಶ ಮಾಡಲಿಲ್ಲ, ನಂಬಿಕೆ ಎಷ್ಟಿದೆ ಎಂದು ಕೇಳಲಿಲ್ಲ. ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತೋರಿಸಿದ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಉಣಿಸಿದ. ಆ ಊಟದ ಬಲದ ಮೇಲೆಯೇ ಅವನು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ್ದು.

ನಮ್ಮ ಕರಾವಳಿಯ ಚರಿತ್ರೆಯಲ್ಲಿ ಇದಕ್ಕೊಂದು ದೊಡ್ಡ ಉದಾಹರಣೆಯಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ದೀಕ್ಷಾಸ್ನಾನ ಪಡೆದವರ ಪಾಡು ಸುಲಭವಾಗಿರಲಿಲ್ಲ. ಮಂಗಳೂರಿನ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿಣ್ಯ 1844ರಲ್ಲಿ ಕ್ರೈಸ್ತನಾದಾಗ ಊರಿಗೆ ಊರೇ ತಿರುಗಿಬಿತ್ತು, ಹೆಂಡತಿ ಜೊತೆಗೆ ಬರಲಿಲ್ಲ. ಕೌಂಡಿಣ್ಯರಿಗೆ ಓದಿತ್ತು; ಬಾಸೆಲಿಗೆ ಹೋಗಿ 1851ರಲ್ಲಿ ಪಾದ್ರಿಯಾಗಿ ಮರಳಿದರು. ಕಳ್ಳು ಇಳಿಸಿ ಬದುಕುತ್ತಿದ್ದ ಬಿಲ್ಲವರ ಕಥೆ ಬೇರೆ. ಕ್ರೈಸ್ತ ಸಭೆ ಸೇರಿದರೆ ಆ ಕಸುಬು ಬಿಡಬೇಕು, ಗೇಣಿಯ ಗದ್ದೆ ಕೈತಪ್ಪುತ್ತದೆ, ಕುಟುಂಬದ ಮನೆಯ ಬಾಗಿಲು ಮುಚ್ಚುತ್ತದೆ. ಏಟಿನ ಶೋಧನೆ, ಆಸೆಯ ಶೋಧನೆ ಎರಡೂ ಒಟ್ಟಿಗೆ. ಮತ ಬದಲಿಸಿದವರ ಆಸ್ತಿಹಕ್ಕು ಹೋಗಬಾರದು ಎಂಬ ಕಾಯ್ದೆ 1850ರಲ್ಲಿ ಬಂತು, ಆದರೆ ಆಸ್ತಿಯೇ ಇಲ್ಲದವರಿಗೆ ಕಾಯ್ದೆಯಿಂದ ಏನು ಸಿಕ್ಕೀತು?

ಆಗ ಮಿಷನ್ನಿನವರು ಪ್ರಸಂಗ ಮಾಡಿ ಸುಮ್ಮನಾಗಿದ್ದರೆ ಸಭೆ ಅಂದೇ ಕರಗುತ್ತಿತ್ತು. ಅವರು ಮಗ್ಗ ಹಾಕಿದರು, ಅಚ್ಚುಕೂಟ ತೆರೆದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರುಮಾಡಿದರು. ಮಂಗಳೂರು ಹಂಚು ಎಂದು ನಾವು ಇಂದಿಗೂ ಕರೆಯುವ ಕೆಂಪು ಹಂಚಿನ ಹುಟ್ಟು ಇಲ್ಲಿದೆ. ಇದೆಲ್ಲ ಬರೀ ದಯೆ ಎಂದು ನಾನು ಹೇಳುವುದಿಲ್ಲ. ಕೂಲಿ ಕೊಡುವವರೂ ಪಾಪ ಎಣಿಸುವವರೂ ಒಬ್ಬರೇ ಆದಾಗ ಕೆಲಸಗಾರನಿಗೆ ಉಸಿರುಗಟ್ಟುವುದು ಸಹಜ. ಆದರೂ ಶೋಧನೆಯ ಹೆಸರು ಹೇಳಿದವರೇ ಗಂಜಿಯ ದಾರಿಯನ್ನೂ ಮಾಡಿಕೊಟ್ಟರು ಎಂಬುದನ್ನು ಒಪ್ಪಬೇಕು. ಆ ಬಲದ ಪರೀಕ್ಷೆ ಆದದ್ದು 1914ರಲ್ಲಿ. ಮಹಾಯುದ್ಧ ಬಂತು, ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಮಿಷನ್ನಿನ ಕೈಬಿಟ್ಟು ಹೋದವು. ಸಭೆಗಳು ಮಾತ್ರ ಉಳಿದವು, ಊರಿನ ಪಾದ್ರಿಗಳ ಕೈಯಲ್ಲಿ.

ಕಷ್ಟ ತಾನಾಗಿಯೇ ಯಾರನ್ನೂ ಗಟ್ಟಿ ಮಾಡುವುದಿಲ್ಲ. ಅದು ಮುರಿದುಹಾಕಿದವರು ಸಾಕ್ಷಿ ಹೇಳಲು ಸಭೆಗೆ ಬರುವುದಿಲ್ಲವಾದ್ದರಿಂದ ನಮಗೆ ಅವರ ಲೆಕ್ಕ ಸಿಗುವುದಿಲ್ಲ. ಹಾಗಾಗಿ ನಿಮ್ಮ ಪರಿಚಯದವರು ಆಸ್ಪತ್ರೆಯ ವಾರ್ಡಿನಲ್ಲೋ ಸಾವಿನ ಮನೆಯಲ್ಲೋ ಇದ್ದರೆ, 'ಶೋಧನೆ' ಎಂಬ ಪದವನ್ನು ಅವರ ಬಾಯಿಗೇ ಬಿಡಿ. ಅವರು ಹೇಳಿದರೆ ತಲೆಯಾಡಿಸಿ, ಹೇಳದಿದ್ದರೆ ಸುಮ್ಮನಿರಿ. ಹೋಗುವಾಗ ಮರೆಯದೆ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗಿ, ಮರುದಿನವೂ.