ಜ್ವರ ಇಳಿದ ಮೇಲೆ

ಲಿಂಗಂಪಲ್ಲಿಯಲ್ಲಿರುವ ನಮ್ಮ ಕಲಬುರಗಿ ಕಡೆಯವರಿಗೆ ವಾಡಿ ಲೈನು ಹೊಸದಲ್ಲ. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿದರೆ ಲಿಂಗಂಪಲ್ಲಿ. ಮೂರು ವರ್ಷದ ಹಿಂದೆ ಆಗಸ್ಟಿನಲ್ಲಿ ನಮ್ಮ ಮುತ್ಯಾ ಇದೇ ದಾರಿಯಲ್ಲಿ ಸೇಡಂನಿಂದ ಬಂದ. ಸ್ಟೇಷನ್ನಿಗೆ ಹೋಗಿ ಅವನ ಕೈಚೀಲ ಇಸಿದುಕೊಂಡವನು ನಾನೇ.

ಆ ವಾರ ನಮ್ಮ ಮನೆಯಲ್ಲಿ ಮೊದಲು ಮಗಳಿಗೆ ಜ್ವರ, ಆಮೇಲೆ ನನಗೆ, ಕೊನೆಗೆ ಮುತ್ಯಾಗೆ. ಆಸ್ಪತ್ರೆಗೆ ಹೋಗೋಣ ಅಂದರೆ, "ನೆಗಡಿ ಜ್ವರಕ್ಕ ಯಾರರ ದವಾಖಾನಿಗಿ ಹೋಗ್ತಾರೇನು?" ಅಂದ. ನಾಲ್ಕು ದಿನಕ್ಕೆ ಜ್ವರ ಇಳಿಯಿತು. ಆರನೆಯ ದಿನ ಬೆಳಿಗ್ಗೆ ಚಹಾ ಕುಡಿದು ಕೂತವನು ಬೆವರತೊಡಗಿದ. ಗ್ಯಾಸ್ ಆಗಿದೆ ಅಂದ. ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಕಾಗದದಲ್ಲಿ ಹೃದಯಾಘಾತ ಎಂದು ಬರೆದುಕೊಟ್ಟರು. ಹಿಂದಿನ ವಾರದ ಜ್ವರದ ಮಾತು ಅದರಲ್ಲಿ ಇರಲಿಲ್ಲ. ನಾವೂ ಹೇಳಿರಲಿಲ್ಲ. ಜ್ವರದ ಪರೀಕ್ಷೆಯೂ ಆಗಿರಲಿಲ್ಲವಾದ್ದರಿಂದ ಅದು ಫ್ಲೂ ಹೌದೋ ಅಲ್ಲವೋ ಇನ್ನು ಗೊತ್ತಾಗುವುದಿಲ್ಲ. ಆದರೆ ಆ ಎರಡು ಸಂಗತಿಗಳ ನಡುವೆ ಏನಾದರೂ ಇತ್ತೇ ಎಂಬ ಪ್ರಶ್ನೆ ನನ್ನನ್ನು ಹಳೆಯ ಲೆಕ್ಕಗಳ ಕಡೆಗೆ ಎಳೆಯಿತು.

ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಬಂದದ್ದು 1874ರಲ್ಲಿ. ಆ ಕಡೆ ವಾಡಿಯಲ್ಲಿ ಅದು ಮುಂಬಯಿಯ ಮುಖ್ಯ ಲೈನಿಗೆ ಸೇರುತ್ತಿತ್ತು. 1918ರ ಜೂನ್ ಹೊತ್ತಿಗೆ ಇನ್‌ಫ್ಲುಯೆಂಜಾ ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಸೆಪ್ಟೆಂಬರಿನಲ್ಲಿ ಎದ್ದ ಎರಡನೇ ಅಲೆ ಬಹಳ ಘೋರವಾಗಿತ್ತು. ರೈಲು ಹೋದಲ್ಲೆಲ್ಲ ಜ್ವರ ಹೋಯಿತು. ಮರಾಠಿ ಸೀಮೆಯವರು ಅದನ್ನು 'ಮಾನಮೋಡಿ', ಅಂದರೆ ಕತ್ತು ಮುರಿಯುವ ಬೇನೆ ಎಂದರು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಕಲಬುರಗಿ, ರಾಯಚೂರು, ಬೀದರ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1911ರ ಜನಗಣತಿಯಲ್ಲಿ ಸುಮಾರು 1 ಕೋಟಿ 34 ಲಕ್ಷ ಜನರಿದ್ದರು. 1921ರಲ್ಲಿ ಸುಮಾರು 1 ಕೋಟಿ 25 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನಸಂಖ್ಯೆ ಒಂಬತ್ತು ಲಕ್ಷ ಇಳಿದಿತ್ತು. ಪ್ಲೇಗು, ಬರ, ಇನ್‌ಫ್ಲುಯೆಂಜಾ ಮೂರೂ ಸೇರಿ ಮಾಡಿದ ಕೆಲಸ ಅದು.

ಆಗ ಹಳ್ಳಿಯ ಸಾವಿನ ಲೆಕ್ಕದಲ್ಲಿ ಹೆಚ್ಚಿನವಕ್ಕೆಲ್ಲ 'ಜ್ವರ' ಎಂಬ ಒಂದೇ ಹೆಸರು. ಈಗ ನಮ್ಮ ಕಾಗದದಲ್ಲಿ 'ಹೃದಯ' ಎಂಬ ಒಂದೇ ಹೆಸರು. ಅಂದು ಜ್ವರದ ಹಿಂದೆ ಏನಿತ್ತೆಂದು ಕೇಳಲಿಲ್ಲ, ಇಂದು ಹೃದಯದ ಹಿಂದೆ ಏನಿತ್ತೆಂದು ಕೇಳುವುದಿಲ್ಲ.

ಕೇಳಿದವರೂ ಇದ್ದರು. ಲಂಡನ್ನಿನ ವಿಲಿಯಂ ಫಾರ್ 1847ರ ಇನ್‌ಫ್ಲುಯೆಂಜಾ ಕಾಲದಲ್ಲಿ ಒಂದು ಸರಳ ಕೆಲಸ ಮಾಡಿದ. ಯಾವ ಸಾವಿಗೆ ಯಾವ ಹೆಸರು ಬರೆದಿದ್ದಾರೆ ಎಂದಷ್ಟೇ ನೋಡದೆ, ಸಾಮಾನ್ಯ ವರ್ಷಗಳಿಗಿಂತ ಒಟ್ಟು ಎಷ್ಟು ಜನ ಹೆಚ್ಚು ಸತ್ತರು ಎಂದು ಎಣಿಸಿದ. ಇನ್‌ಫ್ಲುಯೆಂಜಾ ಹೆಸರಿನಲ್ಲಿ ಬರೆದುಕೊಂಡದ್ದಕ್ಕಿಂತ ಹೆಚ್ಚಿಗೆಯ ಸಾವು ಬಹಳ ದೊಡ್ಡದಾಗಿತ್ತು. 1932ರಲ್ಲಿ ಅಮೆರಿಕದ ಸೆಲ್ವಿನ್ ಕಾಲಿನ್ಸ್ ಇನ್ನೂ ಮುಂದೆ ಹೋದ. ಫ್ಲೂ ಹಬ್ಬಿದ ವಾರಗಳಲ್ಲಿ ಹೃದ್ರೋಗವೆಂದು ದಾಖಲಾದ ಸಾವುಗಳೂ ಏರುತ್ತವೆ ಎಂದು ತೋರಿಸಿದ. ಮನುಷ್ಯರ ಫ್ಲೂ ವೈರಸ್ಸನ್ನು ಪ್ರಯೋಗಾಲಯದಲ್ಲಿ ಹಿಡಿದದ್ದೇ ಅದರ ಮರುವರ್ಷ, 1933ರಲ್ಲಿ. 1918ರ ಜ್ವರ 20ರಿಂದ 40 ವಯಸ್ಸಿನವರನ್ನು ವಿಶೇಷವಾಗಿ ಒಯ್ದಿತ್ತು. ಆಮೇಲಿನ ಸಾಧಾರಣ ಫ್ಲೂಗಳು ಮುಖ್ಯವಾಗಿ ಮುದುಕರನ್ನೇ ಹುಡುಕಿಕೊಂಡು ಬಂದವು.

ಲೆಕ್ಕದ ಅನುಮಾನಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ತೀರ ಈಚೆಗೆ. 2018ರಲ್ಲಿ ಕೆನಡಾದ ಒಂಟಾರಿಯೊ ಸಂಶೋಧಕರು ಪರೀಕ್ಷೆಯಲ್ಲಿ ಫ್ಲೂ ಎಂದು ಖಚಿತವಾದವರ ದಾಖಲೆ ನೋಡಿದರು. ಅವರಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರು ಉಳಿದ ಕಾಲದಲ್ಲಿ ವಾರಕ್ಕೆ ಸರಾಸರಿ 3.3 ಇದ್ದರೆ, ಫ್ಲೂ ಪರೀಕ್ಷೆಯ ನಂತರದ ಏಳು ದಿನಗಳಲ್ಲಿ 20. ಆರು ಪಟ್ಟು! ಕಾರಣವನ್ನೂ ವೈದ್ಯರು ವಿವರಿಸುತ್ತಾರೆ. ಸೋಂಕಿಗೆ ಮೈಯೆಲ್ಲ ಉರಿಯೂತ ಏರುತ್ತದೆ. ರಕ್ತನಾಳದ ಗೋಡೆಗೆ ಅಂಟಿದ ಹಳೆಯ ಕೊಬ್ಬಿನ ಗಂಟು ಬಿರಿಯಬಹುದು. ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಜ್ವರಕ್ಕೆ ಹೃದಯ ಜೋರಾಗಿ ದುಡಿಯಬೇಕು, ಅದೇ ಹೊತ್ತಿಗೆ ಶ್ವಾಸಕೋಶದಿಂದ ಆಮ್ಲಜನಕ ಕಡಿಮೆ. ಜ್ವರ ಇಳಿಯಿತು ಎಂದು ನಾವು ನಿಟ್ಟುಸಿರು ಬಿಡುವಾಗಲೂ ಇದೆಲ್ಲ ಮುಗಿದಿರುವುದಿಲ್ಲ.

2021ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಎಂಟು ದೇಶಗಳಲ್ಲಿ ನಡೆದಿತ್ತು. ನಮ್ಮ ನೆರೆಯ ಬಾಂಗ್ಲಾದೇಶವೂ ಅದರಲ್ಲಿತ್ತು. ಹೆಚ್ಚಾಗಿ ಆಗಷ್ಟೇ ಹೃದಯಾಘಾತವಾಗಿದ್ದ ಎರಡೂವರೆ ಸಾವಿರ ಜನರಲ್ಲಿ ಅರ್ಧಕ್ಕೆ ಫ್ಲೂ ಲಸಿಕೆ, ಅರ್ಧಕ್ಕೆ ಬರೀ ಉಪ್ಪುನೀರಿನ ಸೂಜಿ. ಒಂದು ವರ್ಷದಲ್ಲಿ ಲಸಿಕೆಯವರಲ್ಲಿ ತೀರಿಕೊಂಡವರು ಶೇ. 2.9, ಉಳಿದವರಲ್ಲಿ ಶೇ. 4.9.

ಇದನ್ನೆಲ್ಲ ಓದಿದ ಮೇಲೆ ಮುತ್ಯಾನ ವಿಷಯದಲ್ಲಿ ನನಗೆ ತೀರ್ಪು ಸಿಗಲಿಲ್ಲ. ಅವನಿಗೆ ಎಂಬತ್ತರ ಹತ್ತಿರ, ಬಿಪಿ ಇತ್ತು, ಬೀಡಿಯೂ ಇತ್ತು. ಆದರೆ ಒಂದು ಬುದ್ಧಿ ಬಂತು. ಮನೆಯ ಹಿರಿಯರಿಗೆ ಜ್ವರ ಬಂದರೆ, ಇಳಿದ ಮೇಲೂ ಒಂದೆರಡು ವಾರ ಕಣ್ಣಿಟ್ಟಿರಬೇಕು. ಬೆವರು, ಏದುಸಿರು, ಎದೆಯ ಭಾರ ಕಂಡರೆ ಗ್ಯಾಸ್ ಅಂತ ಕೂರಬಾರದು. ಡಾಕ್ಟರು ಕೇಳದಿದ್ದರೂ ಹಿಂದಿನ ವಾರದ ಜ್ವರದ ಮಾತು ನಾವೇ ಹೇಳಬೇಕು. ಫ್ಲೂ ಲಸಿಕೆ ಪ್ರತಿ ವರ್ಷ ಹೊಸದಾಗಿ ಹಾಕಿಸಬೇಕಾದದ್ದು. ನಮ್ಮಲ್ಲಿ ಅದನ್ನು ನಾವೇ ಕೇಳಿ ಹಾಕಿಸಿಕೊಳ್ಳಬೇಕು, ಮಳೆಗಾಲಕ್ಕೆ ಮುಂಚೆಯೇ ಆದರೆ ಒಳ್ಳೆಯದು.

ಈ ಸಲ ಅಪ್ಪ ಬರುತ್ತಾರೆ. ಅದೇ ವಾಡಿ ಲೈನು, ಅದೇ ಲಿಂಗಂಪಲ್ಲಿ. ಬರುವ ಮೊದಲು ಸೇಡಂನಲ್ಲೇ ಸೂಜಿ ಹಾಕಿಸಿಕೊಳ್ಳಿ ಎಂದು ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪಗ ಯಾರೂ ಹೇಳಲಿಲ್ಲಲ್ಲೋ," ಅಂದರು.