‘ಜೇಡರ ಬಲೆ’ ಮತ್ತು ಚಿನ್ನದ ಸೂತ್ರ

1968ರಲ್ಲಿ ತೆರೆಕಂಡ ‘ಜೇಡರ ಬಲೆ’ಯು ಕನ್ನಡದಲ್ಲಿ ಸಿ.ಐ.ಡಿ. 999 ಚಿತ್ರಮಾಲೆಗೆ ನಾಂದಿ ಹಾಡಿತು. ದೊರೈ-ಭಗವಾನ್ ಜೋಡಿಯ ನಿರ್ದೇಶನದ ಈ ಚಿತ್ರದಲ್ಲಿ ಗುಪ್ತಚರನ ಪಾತ್ರವನ್ನು ರಾಜಕುಮಾರರು ವಹಿಸಿದರು. 1962ರಲ್ಲಿ ಆರಂಭವಾದ ಜೇಮ್ಸ್ ಬಾಂಡ್ ಚಿತ್ರಗಳ ಪ್ರಭಾವ ಇದರ ಮೇಲಿರುವುದು ನಿರ್ವಿವಾದ. ಆದರೆ ಪ್ರಭಾವವನ್ನು ಗುರುತಿಸಿದ ಮಾತ್ರಕ್ಕೆ ಇತಿಹಾಸಕಾರನ ಕೆಲಸ ಮುಗಿಯದು. ಲೋಹವನ್ನು ಚಿನ್ನವಾಗಿಸುವ ಸೂತ್ರವನ್ನು ಕಂಡುಹಿಡಿದ ವಿಜ್ಞಾನಿ, ಅದನ್ನು ಅಪಹರಿಸಲು ಹವಣಿಸುವ ದುಷ್ಟಕೂಟ—ಇದು ಕಥೆಯ ತಿರುಳು. ಅಣ್ವಸ್ತ್ರಗಳ ಆ ಯುಗದಲ್ಲಿ ಆಶೆಯ ವಸ್ತು ಚಿನ್ನವೇ ಏಕಾಯಿತೆಂಬುದು ನಮ್ಮ ಪ್ರಶ್ನೆ.

ಉತ್ತರವನ್ನು ಆ ಕಾಲದ ಶಾಸನಗಳಲ್ಲಿ ಅರಸಬಹುದೆಂದು ನಮಗೆ ತೋರುತ್ತದೆ. 1962ರ ಚೀನಾ ಯುದ್ಧದ ತರುವಾಯ, ವಿದೇಶೀ ವಿನಿಮಯದ ಕೊರತೆಯಲ್ಲಿದ್ದ ಕೇಂದ್ರ ಸರಕಾರವು 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣವನ್ನು ಜಾರಿಗೆ ತಂದಿತು. ಹೊಸ ಆಭರಣಗಳು 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧವಾಗಿರಕೂಡದೆಂದು ವಿಧಿಸಲಾಯಿತು. ಮುಂಬಯಿಯ ಪೇಟೆಯಿಂದ ಮನೋಳಿಯಂತಹ ಊರಿನ ಪತ್ತಾರನ ಕುಲುಮೆಯವರೆಗೆ ಈ ಕಟ್ಟಳೆ ಅನ್ವಯಿಸಿತು. ದೇಶದಲ್ಲೆಲ್ಲ ಅನೇಕ ಅಕ್ಕಸಾಲಿಗರು ಕಸುಬು ಕಳೆದುಕೊಂಡರು. ಆ 14 ಕ್ಯಾರಟ್ಟಿನ ಮಿತಿ 1966ರಲ್ಲಿ ಸಡಿಲಗೊಂಡರೂ, 1968ರಲ್ಲಿಯೇ ನಿಯಂತ್ರಣವು ಕಾಯಿದೆಯ ರೂಪ ತಾಳಿತು. ಇತ್ತ ಕೋಲಾರದ ಗಣಿಗಳು 1956ರಲ್ಲಿ ಮೈಸೂರು ಸರಕಾರಕ್ಕೂ 1962ರಲ್ಲಿ ಕೇಂದ್ರಕ್ಕೂ ಸೇರಿದ್ದವು. ಹೀಗೆ ಚಿನ್ನವು ಮನೆಯ ಒಡವೆಯಷ್ಟೇ ಆಗಿರದೆ ರಾಷ್ಟ್ರದ ಚಿಂತೆಯೂ ಆಗಿತ್ತು. ಸೂತ್ರವನ್ನು ಕಳ್ಳರ ಕೈಗೆ ಸೇರದಂತೆ ಕಾಯುವ ಸರಕಾರೀ ಗುಪ್ತಚರನು ಅಂದಿನ ಪ್ರೇಕ್ಷಕನಿಗೆ ಸಹಜವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಮನೋಳಿಯ ಸೀಮೆಗೆ ಇದಕ್ಕೆ ವಿರುದ್ಧವಾದ ಹಳೆಯ ಕಥೆಯೊಂದು ಪರಿಚಿತ. ಸವದತ್ತಿಯ ಎಲ್ಲಮ್ಮನ ಗುಡ್ಡವು ರೇಣುಕೆ, ಜಮದಗ್ನಿ, ಪರಶುರಾಮರ ನೆಲೆಯೆಂದು ಪ್ರಸಿದ್ಧ. ಬೇಡಿದ್ದನ್ನೆಲ್ಲ ಕೊಡುವ ಕಾಮಧೇನು ಜಮದಗ್ನಿಯ ಆಶ್ರಮದಲ್ಲಿತ್ತು. ಅದನ್ನು ಬಲಾತ್ಕಾರದಿಂದ ಒಯ್ದವನು ಕಳ್ಳನಲ್ಲ, ನಾಡನ್ನಾಳುವ ಕಾರ್ತವೀರ್ಯಾರ್ಜುನನೇ. ಪುರಾಣದಲ್ಲಿ ಅರಸನೇ ಅಪಹಾರಿ. ಚಿತ್ರದಲ್ಲಿ ಆಳುವ ವ್ಯವಸ್ಥೆಯೇ ರಕ್ಷಕ. ಸಂಪತ್ತನ್ನು ಹುಟ್ಟಿಸುವ ಶಕ್ತಿ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಎರಡರಲ್ಲಿಯೂ ಒಂದೇ. ಉತ್ತರಗಳು ಮಾತ್ರ ಬೇರೆ.

ಚಿನ್ನದ ನಿಯಂತ್ರಣ ಕಾಯಿದೆ 1990ರಲ್ಲಿ ರದ್ದಾಯಿತು. ಕೋಲಾರದ ಗಣಿಗಾರಿಕೆ 2001ರಲ್ಲಿ ನಿಂತಿತು. ಅಂದು ಆಳುವವರ ಮೇಲೆ ಇರಿಸಿದ್ದ ಭರವಸೆಗೆ ಮಾತ್ರ ಈ ಚಿತ್ರವು ಇಂದಿಗೂ ಸಾಕ್ಷಿ ನುಡಿಯುತ್ತದೆ. ಕಾಯಿದೆಯ ಕಡತವು ಆಜ್ಞೆಯನ್ನು ತಿಳಿಸೀತು. ಆ ಆಜ್ಞೆಯ ಕಾಲದಲ್ಲಿ ಬಾಳಿದ ಜನರು ಏನನ್ನು ನಂಬಲು ಬಯಸಿದ್ದರೆಂಬುದನ್ನು ತಿಳಿಯಲು, ವಿದ್ವಾಂಸರು ಉಪೇಕ್ಷಿಸುವ ಇಂತಹ ಚಿತ್ರಗಳನ್ನೂ ನಾವು ಆಕರಗಳೆಂದು ಪರಿಶೀಲಿಸಬೇಕಾಗಿದೆ.