ಮೈಸೂರು ಜನನ ದಾಖಲೆಗಳ ಅಧ್ಯಯನ

ತಾಯಿಯ ಗರ್ಭದಲ್ಲಿ ಸಿಕ್ಕ ಪೋಷಣೆಗೂ ನಡುವಯಸ್ಸಿನ ಹೃದ್ರೋಗ, ಸಕ್ಕರೆ ಕಾಯಿಲೆಗಳಿಗೂ ಇರುವ ನಂಟನ್ನು ಭಾರತದಲ್ಲಿ ಮೊದಮೊದಲು ಪರೀಕ್ಷಿಸಿದ ಅಧ್ಯಯನಗಳಲ್ಲಿ ಒಂದು. ಇದರ ನೆಲೆ ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಊರಿನವರಿಗೆ ಅದು ಮಿಷನ್ ಆಸ್ಪತ್ರೆ. ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ 1934ರಿಂದಲೂ ದಾಖಲಾಗಿ ಉಳಿದಿವೆ.

ಅಧ್ಯಯನದ ಹಿನ್ನೆಲೆ ಇಂಗ್ಲೆಂಡಿನದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಿಶುಮರಣ ಹೆಚ್ಚಿದ್ದ ಬಡ ಪ್ರದೇಶಗಳಲ್ಲೇ ದಶಕಗಳ ನಂತರ ಹೃದ್ರೋಗದ ಸಾವೂ ಹೆಚ್ಚಿರುವುದನ್ನು ಸಂಶೋಧಕ ಡೇವಿಡ್ ಬಾರ್ಕರ್ 1986ರಲ್ಲಿ ತೋರಿಸಿದರು. ಹೃದ್ರೋಗವೆಂದರೆ ಉಂಡುಟ್ಟು ಸುಖವಾಗಿರುವವರ ಕಾಯಿಲೆ ಎಂದು ನಂಬಿದ್ದ ಕಾಲದಲ್ಲಿ ಅನೇಕ ವೈದ್ಯರು ಇದನ್ನು ಒಪ್ಪಲಿಲ್ಲ. ಮುಂದೆ ಬಾರ್ಕರ್ ತಂಡದ ಕ್ಯಾರೊಲಿನ್ ಫಾಲ್ ಮತ್ತಿತರರು ಗರ್ಭದಲ್ಲಿನ ಕೊರತೆಯೇ ಮುಂದಿನ ಹೃದ್ರೋಗಕ್ಕೆ ದಾರಿಯೇ ಎಂಬ ಪ್ರಶ್ನೆಯನ್ನು ಮೈಸೂರಿಗೆ ತಂದರು.

ಆಸ್ಪತ್ರೆಯಲ್ಲಿ ಹುಟ್ಟಿ ಸುತ್ತಮುತ್ತಲೇ ನೆಲೆಸಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ದಾಟಿದವರಲ್ಲಿ ಶೇ. 3 ಮಾತ್ರ. 45 ವರ್ಷ ಮೀರಿದವರಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಕೂಸಿನ ತೂಕವೂ ಕಡಿಮೆ, ಬಸುರಿಯಾಗಿದ್ದಾಗ ತಾಯಿಯ ತೂಕವೂ 45 ಕಿಲೋದೊಳಗೆ ಎಂಬಂಥವರಲ್ಲಿ ರೋಗ ಎಲ್ಲರಿಗಿಂತ ಹೆಚ್ಚು. ಅಂದರೆ ಕೂಸಿನ ತೂಕದ ಹಿಂದೆ ತಾಯಿಯ ಮೈಕಟ್ಟಿದೆ. ಆ ಮೈಕಟ್ಟಿನ ಹಿಂದೆ ಅವಳು ಹುಡುಗಿಯಾಗಿದ್ದಾಗ ತಟ್ಟೆಗೆ ಬಿದ್ದದ್ದೆಷ್ಟು, ಬಸಿರಿನಲ್ಲೂ ಹೊರಬೇಕಾದ ಕೆಲಸವೆಷ್ಟು, ಮನೆಮಂದಿಯೆಲ್ಲ ಉಂಡ ಮೇಲೆ ಅವಳ ಪಾಲಿಗೆ ಉಳಿದದ್ದೆಷ್ಟು ಎಂಬುದೂ ಸೇರಿದೆ.

ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಹೀಗೆ ಬರಲಿಲ್ಲ. ಅದು ಹೆಚ್ಚಿದ್ದದ್ದು ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ; ಅವರ ತಾಯಂದಿರೂ ಹೆಚ್ಚು ತೂಕದವರು. ಬಸಿರಿನಲ್ಲಿ ಯಾರೂ ಗುರುತಿಸದೆ ಹೋದ ಸಕ್ಕರೆ ಏರಿಕೆ ಇದಕ್ಕೆ ಕಾರಣವಿರಬಹುದೆಂಬ ಊಹೆಯನ್ನು ಒರೆಗೆ ಹಚ್ಚಲು 1997ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರೊಂದಿಗೆ ‘ಮೈಸೂರು ಪಾರ್ಥೆನಾನ್’ ಅಧ್ಯಯನ ಶುರುವಾಯಿತು. ಪರೀಕ್ಷಿಸಿದ ಗರ್ಭಿಣಿಯರಲ್ಲಿ ಸುಮಾರು ಶೇ. 6 ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಅವರ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಐದನೆಯ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು.

ಪಾರ್ಥೆನಾನ್ ಮಕ್ಕಳನ್ನು ಮನೆಯ ಸ್ಥಿತಿಗತಿಗೆ ಹೊಂದಿಸಿ ನೋಡಿದಾಗ ಮೈಕೊಬ್ಬು ಹೆಚ್ಚು ಕಂಡದ್ದು ಅನುಕೂಲಸ್ಥರಲ್ಲಿ. ಇದಕ್ಕೆ ತದ್ವಿರುದ್ಧವಾಗಿ, ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದಲ್ಲಿ ಹುದ್ದೆ ಕೆಳಗಿಳಿದಂತೆ ಹೃದ್ರೋಗದ ಸಾವು ಏರುತ್ತಿತ್ತು. ಆ ಏಣಿಯನ್ನು ಮೈಸೂರಿಗೆ ಹಾಗೆಯೇ ತಂದು ಒರಗಿಸಲಾಗದು. ಹೊಟ್ಟೆಗಿಲ್ಲದ ಬಸಿರು ಮತ್ತು ಹೊಟ್ಟೆ ತುಂಬಿದ ನಗರಜೀವನ, ಇಲ್ಲಿ ಎರಡು ವರ್ಗಗಳ ಕಥೆಯಷ್ಟೇ ಅಲ್ಲ. ಎಷ್ಟೋ ಸಲ ಒಂದೇ ಆಯುಸ್ಸಿನೊಳಗೆ ಎರಡೂ ಬರುತ್ತವೆ.

ಜನನ ದಾಖಲೆಗಳ ಅಧ್ಯಯನಕ್ಕೆ ಮಿತಿಗಳೂ ಇವೆ. ಆ 517 ಮಂದಿ ಹುಟ್ಟಿದ ಕಾಲದಲ್ಲಿ ಹೆಚ್ಚಿನ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರು, ಎಳವೆಯಲ್ಲೇ ತೀರಿಕೊಂಡವರು, ಊರು ಬಿಟ್ಟು ಹೋದವರು ಈ ಲೆಕ್ಕಕ್ಕೆ ಸಿಕ್ಕಿಲ್ಲ.